ಕೇಪುಳವೂ ಬಂಧೂಕವೂ

೧

ಕಾಳಿದಾಸನದೆಂದು ಪ್ರಸಿದ್ಧವಾಗಿರುವ ಋತುಸಂಹಾರದ ಮೂರನೆಯ ಸರ್ಗದಲ್ಲಿ ಶರದೃತುವಿನ ವರ್ಣನೆಯಿರುವುದು. ಅಲ್ಲಿ ಬಂಧೂಕವೆಂಬ ಹೂವಿನ ಹೆಸರು ಬರುತ್ತದೆ. ಲಲಿತಾಸಹಸ್ರನಾಮದಲ್ಲಿ ದೇವಿಯ ಮೈಕಾಂತಿಗೆ ಇದೇ ಹೂವು ಉಪಮಾನವಾಗಿರುವುದು. ಅಮರಸಿಂಹನು ವನೌಷಧಿವರ್ಗದಲ್ಲಿ ರಕ್ತಕ, ಬಂಧೂಕ, ಬಂಧುಜೀವಕ ಎಂಬ ಮೂರು ಹೆಸರುಗಳನ್ನು ಒಂದೆಡೆ ಹೇಳಿ ಮುಂದಕ್ಕೆ ಹೋಗಿದ್ದಾನೆ. ಆ ಗಿಡವು ಮರವೋ, ಪೊದೆಯೋ, ಒಂದು ಮಳೆಗಾಲ ಬದುಕುವ ಸಸ್ಯವೋ ಎಂಬುದು ಆ ಪರ್ಯಾಯಪದಗಳಿಂದ ತಿಳಿಯುವುದಿಲ್ಲ. ಕೆಂಪು ಹೂವು ಎಂಬಿಷ್ಟು ಮಾತ್ರ 'ರಕ್ತಕ' ಶಬ್ದದಿಂದ ಸಿದ್ಧವಾಗುತ್ತದೆ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಕೆಂಪು ಹೂವೆಂದೊಡನೆ ಮನಸ್ಸಿಗೆ ಬರುವುದು ಕೇಪುಳ. ಆದಕಾರಣ "ಬಂಧೂಕವೆಂದರೆ ನಮ್ಮ ಕೇಪುಳ" ಎಂದು ಈ ಕಡೆಯ ಉಪಾಧ್ಯಾಯರು ಹೇಳುವುದುಂಟು. ಔಷಧಸಸ್ಯಗಳ ಕೆಲವು ಪಟ್ಟಿಗಳಲ್ಲಿಯೂ ಕೇಪುಳದ ಸಂಸ್ಕೃತನಾಮದ ಸ್ಥಾನದಲ್ಲಿ ಬಂಧೂಕವೆಂದೇ ಅಚ್ಚಾಗಿದೆ. ನಾನೂ ಬಹುಕಾಲ ಹೀಗೆಯೇ ಪಾಠ ಹೇಳುತ್ತಿದ್ದೆನು. ಒಂದು ದಿನ ಸುಳ್ಯದ ಕಡೆಯ ಕೃಷಿಕರ ಮನೆಯ ಹುಡುಗನೊಬ್ಬನು, "ಗುರುಗಳೇ, ಶ್ಲೋಕದಲ್ಲಿ ಹಣ್ಣಾದ ಭತ್ತದ ಗದ್ದೆಯೂ ಈ ಹೂವೂ ಒಟ್ಟಿಗೆ ಉಂಟಲ್ಲ. ಗದ್ದೆಯಲ್ಲಿ ಕೇಪುಳ ಎಲ್ಲಿ ಬರುತ್ತದೆ? ಅದು ಗುಡ್ಡೆಯದ್ದಲ್ಲವೋ?" ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಹೇಳಿ ಪುಸ್ತಕವನ್ನು ಮುಚ್ಚಿದೆನು.

ಆ ಪ್ರಶ್ನೆಗೆ ಉತ್ತರವನ್ನು ಕೋಶಗಳಲ್ಲಿ ಹುಡುಕುವುದಕ್ಕೆ ಮೊದಲು ಕೇಪುಳವು ಗುಡ್ಡೆಯಲ್ಲಿಯೇ ಏಕೆ ಬೆಳೆಯುವುದು, ಗದ್ದೆಗೆ ಏಕೆ ಇಳಿಯುವುದಿಲ್ಲ ಎಂಬುದನ್ನು ತಿಳಿಯಬೇಕಾಯಿತು. ಹಾಗೆ ತಿಳಿದುದನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

೨

ಕೇಪುಳವು ಸದಾ ಹಸುರಾಗಿರುವ ಗಿಡ್ಡ ಪೊದೆ. ಬರಿಯ ಗುಡ್ಡೆಯಲ್ಲಿ ಮೊಣಕಾಲೆತ್ತರದಿಂದ ಎದೆಯೆತ್ತರದವರೆಗೆ ಇರುವುದು. ಒಳ್ಳೆಯ ಮಣ್ಣೂ ಆಶ್ರಯವೂ ದೊರೆತಲ್ಲಿ ಆಳೆತ್ತರಕ್ಕೂ ಮೀರುವುದು. ಎಲೆಗಳು ಎದುರುಬದುರಾಗಿ, ತೊಟ್ಟು ಇಲ್ಲವೆಂಬಷ್ಟು ಚಿಕ್ಕದಾಗಿ, ದಪ್ಪವಾಗಿ ಹೊಳೆಯುತ್ತಿರುವುವು. ಎರಡು ಎಲೆಗಳ ನಡುವೆ ಕಾಂಡಕ್ಕೆ ಅಂಟಿಕೊಂಡು ಮುಳ್ಳಿನಂತೆ ಮೊನಚಾದ ಒಂದು ಚಿಕ್ಕ ಪುಟವಿರುತ್ತದೆ. ಈ ಲಕ್ಷಣವು ಕಾಫಿಯ ಕುಲದ್ದು. ಕೇಪುಳವೂ ಘಟ್ಟದ ಮೇಲಣ ಕೊಡಗಿನ ಕಾಫಿಯೂ ಸಸ್ಯಶಾಸ್ತ್ರಜ್ಞರ ವಿಭಾಗದಲ್ಲಿ ಒಂದೇ ಕುಟುಂಬಕ್ಕೆ ಸೇರಿದುವು.

ಹೂವುಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬಿಡುತ್ತವೆ. ಒಂದೊಂದು ಹೂವಿಗೂ ಸೂಜಿಯಂತೆ ಸಣ್ಣದಾದ ಉದ್ದನೆಯ ನಾಳ, ಅದರ ತಲೆಯಲ್ಲಿ ನಾಲ್ಕು ಎಸಳು. ಎಸಳು ನಾಲ್ಕು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಪ್ರಯೋಜನಕ್ಕೆ ಬರುವುದು. ನಾಳದ ಬುಡದಲ್ಲಿ ಜೇನಿನ ಒಂದು ಹನಿಯಿರುವುದು. ಅಷ್ಟು ಆಳಕ್ಕೆ ಜೇನ್ನೊಣದ ನಾಲಗೆ ನಿಲುಕುವುದಿಲ್ಲ, ಉದ್ದ ಸೊಂಡಿಲಿನ ಚಿಟ್ಟೆಗಳದು ನಿಲುಕುವುದು. ಆದುದರಿಂದ ಕೇಪುಳದ ಪರಾಗಸಂಪರ್ಕವು ಮುಖ್ಯವಾಗಿ ದೊಡ್ಡ ಚಿಟ್ಟೆಗಳ ಕೆಲಸ. ಶಾಲೆಗೆ ಹೋಗುವ ಮಕ್ಕಳೂ ಹೂವನ್ನು ಕಿತ್ತು ನಾಳವನ್ನು ಚೀಪುವರು. ಕಾಯಿ ಬಟಾಣಿಯಷ್ಟು ದಪ್ಪ. ಹಣ್ಣಾದಾಗ ಕೆಂಪು, ಬಳಿಕ ಕಪ್ಪುಗೆಂಪು. ಒಳಗೆ ಎರಡು ಬೀಜ. ತಿರುಳು ಸ್ವಲ್ಪವೇ ಆದರೂ ಸಿಹಿಯಾಗಿರುವುದು. ಹಕ್ಕಿಗಳು ಇದನ್ನು ತಿಂದು ಬೀಜವನ್ನು ಬೇರೆ ಗುಡ್ಡೆಗೆ ಸಾಗಿಸುವುವು.

ಮನೆಬಳಕೆಯಲ್ಲಿ ಇದರ ಕುಡಿಯಿಂದಲೂ ಹೂವಿನಿಂದಲೂ ತಂಬುಳಿ ಮಾಡುವರು. ಅದು ದೇಹಕ್ಕೆ ತಂಪೆಂದು ನಂಬಿಕೆ. ಬೇರನ್ನು ಅತಿಸಾರಕ್ಕೆ ಕೊಡುವುದು ಹಳ್ಳಿಯ ವೈದ್ಯರ ಪದ್ಧತಿ. ಕೆಂಪು ಹೂವೆಂಬ ಕಾರಣದಿಂದ ದೇವಿಯ ಪೂಜೆಗೂ ದೈವಗಳ ಅಲಂಕಾರಕ್ಕೂ ಇದು ಸಲ್ಲುವುದು.

೩

ಈ ಮೂರು ತಾಲೂಕುಗಳ ಭೂಮಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ನಡೆದು ನೋಡಿದರೆ ಮೊದಲು ಪುತ್ತೂರಿನ ಕಡೆಯ ಕೆಂಪುಕಲ್ಲಿನ ದಿಣ್ಣೆಗಳು, ಆಮೇಲೆ ಪಯಸ್ವಿನೀ ಕುಮಾರಧಾರಾ ನದಿಗಳ ಕಣಿವೆಗಳು, ಕೊನೆಗೆ ಸುಬ್ರಹ್ಮಣ್ಯದ ಹಿಂದೆ ೧೭೧೨ ಮೀಟರ್ ಎತ್ತರಕ್ಕೆ ನಿಂತ ಕುಮಾರಪರ್ವತ. ಬಯಲಿನಲ್ಲಿ ಗದ್ದೆ, ಕಣಿವೆಯ ಬದಿಯಲ್ಲಿ ಅಡಕೆಯ ತೋಟ, ಅದರ ಮೇಲೆ ಗುಡ್ಡೆ. ಕೇಪುಳದ ಸ್ಥಾನವು ಈ ಮೂರನೆಯದು. ಕುಂಟಲ, ಕರಂಡೆ, ನೆಕ್ಕರೆಗಳ ನಡುವೆ, ದಾರಿಯ ಪಕ್ಕದ ದರೆಯ ಮೇಲೆ, ಕಾಡಿನ ಅಂಚಿನಲ್ಲಿ ಅದು ಕಾಣಸಿಗುವುದು.

ಇಲ್ಲಿ ವರ್ಷಕ್ಕೆ ೩೫೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುವುದು. ಈ ನೀರು ಸಹಸ್ರಾರು ವರ್ಷಗಳಿಂದ ಬಂಡೆಯನ್ನು ತೊಳೆಯುತ್ತ ಬಂದು, ಅದರಲ್ಲಿ ಕರಗತಕ್ಕ ಸುಣ್ಣ, ಪೊಟ್ಯಾಷ್, ಸಿಲಿಕ ಮೊದಲಾದುವುಗಳನ್ನು ಹೊಳೆಗೆ ಒಯ್ದಿತು. ಕರಗದ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದು ತುಕ್ಕಿನಂತೆ ಕೆಂಪಾದುವು. ಇದೇ ನಮ್ಮ ಮುರಕಲ್ಲು. ನೆಲದೊಳಗೆ ಮೆದುವಾಗಿದ್ದು ಕಡಿದು ತೆಗೆದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನನು, ಮಲಬಾರಿನ ಅಂಗಾಡಿಪುರದಲ್ಲಿ ಕಂಡುದನ್ನು ಆಧಾರವಾಗಿಟ್ಟು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟನು.

ಸುಣ್ಣದ ಅಂಶವು ತೊಳೆದುಹೋದ ನೆಲವು ಹುಳಿಯಾಗುತ್ತದೆ. ಮಣ್ಣಿನ ಹುಳಿಯನ್ನು ಅಳೆಯುವ ಮಾನದಲ್ಲಿ ೭ ಎಂಬುದು ಸಮಸ್ಥಿತಿ. ಅದಕ್ಕೆ ಕೆಳಗಿನದು ಆಮ್ಲ, ಮೇಲಿನದು ಕ್ಷಾರ. ಒಂದು ಅಂಕ ಇಳಿಯಿತೆಂದರೆ ಆಮ್ಲತೆಯು ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ನಮ್ಮ ಗುಡ್ಡೆಗಳ ಮಣ್ಣು ಸಾಮಾನ್ಯವಾಗಿ ೫ರಿಂದ ೬ರ ನಡುವೆ ಇರುವುದು. ಕೇಪುಳಕ್ಕೆ ಹಿತವಾದುದೂ ಇದೇ ಮಿತಿ. ಶೀತದೇಶಗಳ ಹೀದರ್, ನೀಲಗಿರಿಯ ಎತ್ತರದ ರೋಡೋಡೆಂಡ್ರನ್, ಚಹದ ಗಿಡ ಇವೂ ಹುಳಿಮಣ್ಣನ್ನು ಬಯಸುವ ಜಾತಿಗಳೇ. ಆದರೆ ಅವುಗಳಿಗೆ ಗಾಳಿಯೂ ತಣ್ಣಗಿರಬೇಕು. ಕೇಪುಳಕ್ಕೆ ಬೇರಿನ ಬಳಿ ತಣ್ಣಗಿದ್ದರೆ ಸಾಕು, ತಲೆಯ ಮೇಲೆ ಬಿಸಿಲು ಬೇಕು. ಹಿಮ ಬೀಳುವಲ್ಲಿ ಇದು ಬದುಕಲಾರದು.

ಇಲ್ಲಿ ಒಂದು ಶಂಕೆ ಹುಟ್ಟುವುದು. ಹುಳಿಯಿಂದ ಗಿಡಕ್ಕೆ ದೊರೆಯುವುದೇನು? ಉತ್ತರವು ಮಣ್ಣಿನ ಕೆಂಪಿನಲ್ಲಿಯೇ ಇದೆ. ಎಲೆಯ ಹಸುರುದ್ರವ್ಯವನ್ನು ಕಟ್ಟುವುದಕ್ಕೆ ಕಬ್ಬಿಣವು ಅಗತ್ಯ. ಮಣ್ಣಿನಲ್ಲಿ ಕಬ್ಬಿಣವು ಬೇಕಾದಷ್ಟಿದ್ದರೂ ಅದು ತುಕ್ಕಿನ ರೂಪದಲ್ಲಿರುವುದರಿಂದ ಕರಗಿದ ಹೊರತು ಬೇರಿಗೆ ದಕ್ಕದು. ಹುಳಿಯಿದ್ದಲ್ಲಿ ಸ್ವಲ್ಪ ಕರಗುವುದು. ಆಮ್ಲಮಾನವು ಒಂದಂಕ ಮೇಲೇರಿದರೆ ಕರಗಿದ ಕಬ್ಬಿಣವು ಸಾವಿರ ಪಟ್ಟು ಕುಗ್ಗುವುದೆಂದು ರಸಾಯನಶಾಸ್ತ್ರವು ಹೇಳುತ್ತದೆ. ಸುಣ್ಣ ಸೇರಿದ ಕೆಮ್ಮಣ್ಣಿನಲ್ಲಿ ನೆಟ್ಟ ಕೇಪುಳವು ಕಬ್ಬಿಣದ ರಾಶಿಯ ನಡುವೆಯೇ ಕಬ್ಬಿಣಕ್ಕಾಗಿ ಹಸಿದಿರುವುದು. ಆಗ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವುವು. ಹಳೆಯ ಎಲೆಯಲ್ಲಿ ಸೇರಿದ ಕಬ್ಬಿಣವು ಹೊಸ ಎಲೆಗೆ ಸುಲಭವಾಗಿ ಹೋಗಲಾರದಾದುದರಿಂದ ಈ ಲಕ್ಷಣವು ಮೊದಲು ಕುಡಿಯಲ್ಲಿಯೇ ಕಾಣಿಸುತ್ತದೆ.

ಹೊಸದಾಗಿ ಗಾರೆ ಮಾಡಿದ ಶಾಲೆಯ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟ ಕೇಪುಳಗಳು ಎರಡು ವರ್ಷಗಳಲ್ಲಿ ಹೀಗೆ ಬಿಳಿಚಿಕೊಂಡುದನ್ನು ನಾನು ಕಂಡಿದ್ದೇನೆ. ನೀರು ಸಾಲದೆಂದು ನೀರು ಹೊಯ್ದರು, ಗೊಬ್ಬರ ಸಾಲದೆಂದು ಬೂದಿ ಹಾಕಿದರು. ಎರಡರಿಂದಲೂ ಗುಣವಾಗಲಿಲ್ಲ. ಸಿಮೆಂಟಿನಲ್ಲಿಯೂ ಬೂದಿಯಲ್ಲಿಯೂ ಇರುವುದು ಕ್ಷಾರವೇ. ಇದನ್ನು ಪರೀಕ್ಷಿಸುವುದಕ್ಕೆ ನಮ್ಮ ಮನೆಗಳಲ್ಲಿ ಹಳೆಯ ಸಾಧನವೊಂದಿದೆ. ಓಕುಳಿಗೆಂದು ಅರಸಿನಕ್ಕೆ ಸುಣ್ಣ ಸೇರಿಸಿದಾಗ ನೀರು ಕೆಂಪಾಗುವುದು ಕ್ಷಾರದಿಂದಲೇ. ಗೋಡೆಯ ಬುಡದ ಮಣ್ಣನ್ನು ಸ್ವಲ್ಪ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಅರಸಿನ ಹಾಕಿ ನೋಡಿದರೆ, ಕ್ಷಾರವು ಬಲವಾಗಿದ್ದಲ್ಲಿ ಬಣ್ಣವು ಕೆಂಪಿಗೆ ತಿರುಗುವುದು. ಗುಡ್ಡೆಯ ಮಣ್ಣಿನಲ್ಲಿ ಅರಸಿನವು ಅರಸಿನವಾಗಿಯೇ ಉಳಿಯುವುದು. ಹುಳಿ ಎಷ್ಟೆಂಬುದು ಇದರಿಂದ ತಿಳಿಯದು. ಕ್ಷಾರವುಂಟೇ ಎಂಬುದು ಮಾತ್ರ ತಿಳಿಯುವುದು. ತಿದ್ದುವುದಕ್ಕೆ ಅಷ್ಟೇ ಸಾಕು.

೪

ಇದರಿಂದ ಕೇಪುಳವನ್ನು ಬೆಳೆಸುವ ಕ್ರಮವು ತಾನಾಗಿಯೇ ಹೊರಡುವುದು. ಸ್ಥಳವು ನೀರು ನಿಲ್ಲದ್ದಾಗಿರಬೇಕು. ಬೇರು ಕೆಸರಿನಲ್ಲಿ ಕೊಳೆಯುವುದು. ಗೋಡೆ, ಕಾಂಕ್ರೀಟು, ಸುಣ್ಣದ ಗುಂಡಿ ಇವುಗಳಿಂದ ಕೆಲವಡಿ ದೂರವಿರಬೇಕು. ದಿನದ ಅರ್ಧ ಭಾಗವಾದರೂ ಬಿಸಿಲು ಬಿದ್ದರೆ ಹೂವು ಹೇರಳ. ದಟ್ಟ ನೆರಳಿನಲ್ಲಿ ಗಿಡವು ಬದುಕಿದರೂ ಎಲೆಯೇ ಹೆಚ್ಚು. ಬುಡಕ್ಕೆ ತರಗೆಲೆಯನ್ನು ಹಾಸಿದರೆ ಬೇರಿನ ಬಳಿ ತಂಪೂ ತೇವವೂ ಉಳಿಯುವುವು. ಕೊಳೆತ ಎಲೆಯ ಗೊಬ್ಬರವೂ ಹಳೆಯ ಹಟ್ಟಿಗೊಬ್ಬರವೂ ಹಿತ.

ಬಚ್ಚಲ ಒಲೆಯ ಬೂದಿಯನ್ನು ತೆಂಗಿಗೂ ತರಕಾರಿಗೂ ಹಾಕುವುದು ನಮ್ಮಲ್ಲಿ ಪದ್ಧತಿ. ಅವುಗಳಿಗೆ ಅದು ಸರಿ. ಕೇಪುಳಕ್ಕೆ ಬೂದಿಯನ್ನೂ ಸುಡುಮಣ್ಣನ್ನೂ ಹಾಕಬಾರದು. ಎಲೆಯು ಹಳದಿಯಾದಲ್ಲಿ ಅನ್ನಭೇದಿಯನ್ನು ನೀರಿನಲ್ಲಿ ಬಹಳ ತೆಳುವಾಗಿ ಕರಗಿಸಿ ಎಲೆಗೆ ಸಿಂಪಡಿಸಿದರೆ ಕೆಲವು ದಿನಗಳಲ್ಲಿ ಹಸುರು ಮರಳುವುದು. ಆದರೆ ಇದು ತಾತ್ಕಾಲಿಕವು. ಬುಡದ ಮಣ್ಣಿಗೆ ಗಂಧಕದ ಪುಡಿಯನ್ನು ಮಿತವಾಗಿ ಸೇರಿಸುವುದು, ಅಥವಾ ಗಿಡವನ್ನೇ ಗೋಡೆಯಿಂದ ದೂರ ಸಾಗಿಸುವುದು ಸ್ಥಿರವಾದ ಉಪಾಯ.

ಬೀಜದಿಂದ ಗಿಡವು ಬರುವುದು ನಿಧಾನ. ಪೂರ್ತಿ ಬಲಿಯದ, ಪೂರ್ತಿ ಎಳೆಯದೂ ಅಲ್ಲದ ಕೊಂಬೆಯನ್ನು ಮಳೆಗಾಲದಲ್ಲಿ ಗೇಣುದ್ದ ಕತ್ತರಿಸಿ ನೆರಳಿನಲ್ಲಿ ಮರಳು ಬೆರೆತ ಮಣ್ಣಿನಲ್ಲಿ ನೆಟ್ಟರೆ ಬೇರು ಬಿಡುವುದು. ಹೂವು ಕೊಂಬೆಯ ತುದಿಯಲ್ಲಿ ಬಿಡುವುದಾದಕಾರಣ ಒಂದು ಸುತ್ತು ಹೂವು ಮುಗಿದ ಮೇಲೆ ತುದಿಯನ್ನು ಕತ್ತರಿಸಬೇಕು. ಆಗ ಒಂದು ತುದಿಯಿರುವಲ್ಲಿ ಎರಡು ಮೂರು ತುದಿಗಳಾಗುವುವು. ಗುಡ್ಡೆಯಲ್ಲಿ ಈ ಕೆಲಸವನ್ನು ಸೊಪ್ಪಿನ ಕತ್ತಿಯು ಮಾಡುತ್ತಿದ್ದಿತು. ಅದರ ವಿಚಾರವನ್ನು ಮುಂದೆ ಹೇಳುವೆನು.

೫

ಈಗ ಹುಡುಗನ ಪ್ರಶ್ನೆಗೆ ಮರಳೋಣ. ನೀರು ನಿಂತ ಗದ್ದೆಯಲ್ಲಿ ಕೇಪುಳವು ಬೆಳೆಯಲಾರದು. ಮೇಲಾಗಿ ಗದ್ದೆಯು ವರ್ಷವರ್ಷವೂ ಉಳುವ ನೆಲ. ಹಲವು ವರ್ಷ ನಿಂತು ಕಟ್ಟಿಗೆಯಾಗತಕ್ಕ ಪೊದೆಗೆ ಅಲ್ಲಿ ಅವಕಾಶವೇ ಇಲ್ಲ. ಋತುಸಂಹಾರದ ಆ ಶ್ಲೋಕದಲ್ಲಾದರೋ ಬಂಧೂಕದ ಪರಾಗದಿಂದ ಕೆಂಪೇರಿದ ನೆಲವನ್ನೂ, ಮಾಗಿದ ಕಳಮೆಯ ಭತ್ತವು ತುಂಬಿದ ಗದ್ದೆಗಳನ್ನೂ ಕವಿಯು ಒಂದೇ ನೋಟದಲ್ಲಿ ಹಿಡಿದಿದ್ದಾನೆ. ಮಳೆ ಮುಗಿದು ಭತ್ತವು ಮಾಗುವ ಹೊತ್ತಿಗೆ, ಭತ್ತದ ನೆರೆಯಲ್ಲಿ, ನೆಲಕ್ಕೆ ಹತ್ತಿರವಾಗಿ ಕೆಂಪು ಹೂ ಬಿಡುವ ಸಸ್ಯವೊಂದು ಇಲ್ಲಿ ವಿವಕ್ಷಿತವು.

ಅಂತಹ ಸಸ್ಯವೊಂದಿದೆ. ಉತ್ತರದೇಶದಲ್ಲಿ ಅದಕ್ಕೆ 'ದುಪಹರಿಯಾ' ಎಂದು ಹೆಸರು, ಮಧ್ಯಾಹ್ನದ್ದು ಎಂದರ್ಥ. ಸಸ್ಯಶಾಸ್ತ್ರದಲ್ಲಿ ಅದನ್ನು ಪೆಂಟಪೀಟಿಸ್ ಫೀನೀಸಿಯ ಎನ್ನುವರು. ಒಂದೇ ವರ್ಷದಲ್ಲಿ ಹುಟ್ಟಿ ಬೆಳೆದು ಬೀಜ ಕಟ್ಟಿ ಸಾಯುವ, ನೆಟ್ಟಗೆ ನಿಲ್ಲುವ ಸಸ್ಯವಿದು. ಗದ್ದೆಗಳಲ್ಲಿಯೂ ತೇವದ ನೆಲದಲ್ಲಿಯೂ ಬೆಳೆಯುತ್ತದೆ. ಎಲೆ ಉದ್ದವಾಗಿ ಅಂಚಿನಲ್ಲಿ ಹಲ್ಲುಳ್ಳದ್ದು. ಹೂವು ಎಲೆಯ ಕಂಕುಳಲ್ಲಿ ಒಂದೋ ಎರಡೋ ಬಿಡುವುದು, ಗೊಂಚಲಾಗಿ ಅಲ್ಲ. ಎಸಳುಗಳು ಐದು. ಹೂವು ಮಧ್ಯಾಹ್ನದ ಹೊತ್ತಿಗೆ ಅರಳಿ ಮರುದಿನದ ಬೆಳಗಿನೊಳಗೆ ಮುಚ್ಚಿಹೋಗುವುದು. ದಾಸವಾಳದ ಬಂಧುವರ್ಗಕ್ಕೆ ಸೇರಿದುದು. ಕೇಪುಳಕ್ಕೂ ಇದಕ್ಕೂ ಕುಲಸಂಬಂಧವಿಲ್ಲ. ಕೋಶಗಳಲ್ಲಿ ಬಂಧೂಕಕ್ಕೆ 'ಅರ್ಕವಲ್ಲಭ' ಎಂಬ ಪರ್ಯಾಯವೂ ಉಂಟು. ಸೂರ್ಯನಿಗೆ ಪ್ರಿಯವಾದದ್ದೆಂಬ ಈ ಹೆಸರು ನಡುಹಗಲಿಗೆ ಅರಳುವ ಹೂವಿಗೆ ಸಾರ್ಥಕವಾಗಿ ಹೊಂದುವುದು. ಹಗಲಿರುಳೂ ಅರಳಿಯೇ ಇದ್ದು ಹಲವು ದಿನ ನಿಲ್ಲುವ ಕೇಪುಳಕ್ಕೆ ಹೊಂದುವುದಿಲ್ಲ.

ಋತು, ನೆಲ, ಅರಳುವ ಹೊತ್ತು ಈ ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತಿರುವಾಗ ಸಂದೇಹಕ್ಕೆ ಎಡೆಯಿಲ್ಲ. ಕಾವ್ಯದ ಬಂಧೂಕವೂ, ಅದರ ತದ್ಭವವಾಗಿ ಹಳಗನ್ನಡಕ್ಕೆ ಬಂದ 'ಬಂದುಗೆ'ಯೂ ಈ ಮಧ್ಯಾಹ್ನದ ಹೂವೇ, ಕೇಪುಳವಲ್ಲ. ತುಟಿಗೆ ಬಂಧೂಕವನ್ನು ಹೋಲಿಸುವ ಕವಿಸಮಯವೂ ಇದರಿಂದ ಸ್ಪಷ್ಟವಾಗುವುದು. ಅಗಲವಾದ ಎಸಳಿನ ಒಂಟಿ ಹೂವು ತುಟಿಗೆ ಉಪಮಾನವಾಗಬಲ್ಲುದು. ಸೂಜಿನಾಳದ ನೂರು ಹೂವುಗಳ ಗೊಂಚಲು ಆಗಲಾರದು.

೬

ಹಾಗಾದರೆ ಕೇಪುಳಕ್ಕೆ ಕಾವ್ಯದಲ್ಲಿ ಸ್ಥಾನವೇ ಇಲ್ಲವೆ? ಉಂಟು; ಆದರೆ ಅದನ್ನು ಹುಡುಕಬೇಕಾದುದು ಸಂಸ್ಕೃತದಲ್ಲಲ್ಲ, ಇದು ಹುಟ್ಟಿ ಬೆಳೆದ ದಕ್ಷಿಣದ ಭಾಷೆಗಳಲ್ಲಿ. ಕೇಪುಳದ ಮೂಲನೆಲೆಯು ದಕ್ಷಿಣಭಾರತವೂ ಸಿಂಹಳವೂ. ತಮಿಳಿನಲ್ಲಿ ಇದು 'ವೆಟ್ಚಿ'. ತೊಲ್ಕಾಪ್ಪಿಯದ ಪೊರುಳಧಿಕಾರದಲ್ಲಿ ಯುದ್ಧವಿಷಯಕವಾದ ಕವಿತೆಯನ್ನು ಹೂವುಗಳ ಹೆಸರಿನಿಂದ ವಿಭಾಗಿಸಿದ್ದಾರೆ. ಅದರಲ್ಲಿ ಮೊದಲನೆಯದು ವೆಟ್ಚಿ. ಶತ್ರುವಿನ ದನಗಳನ್ನು ಹಿಡಿದು ತರುವುದು ಅದರ ವಿಷಯ. ಹೋಗುವ ವೀರರು ವೆಟ್ಚಿಯ ಹೂವನ್ನು ಮುಡಿಯುವರು. ಈ ವೆಟ್ಚಿಯನ್ನು ಪ್ರಣಯಕಾವ್ಯದ ಕುಱಿಂಜಿಗೆ ಜೋಡಿಯಾಗಿ ಹೇಳಿದೆ. ಕುಱಿಂಜಿಯೆಂದರೆ ಬೆಟ್ಟದ ಪ್ರದೇಶ. ಬೆಟ್ಟದ ಗಿಡವನ್ನು ಬೆಟ್ಟದ ವಿಭಾಗಕ್ಕೇ ಸೇರಿಸಿದ ಆ ಲಾಕ್ಷಣಿಕರಿಗೆ ಯಾವ ಗಿಡವು ಯಾವ ನೆಲದ್ದೆಂಬುದು ಚೆನ್ನಾಗಿ ತಿಳಿದಿದ್ದಿತು. ಕನ್ನಡನಾಡಿನ ವೀರಗಲ್ಲುಗಳಲ್ಲಿ ಕಾಣುವ ತುಱುಗೋಳಿನ ಸಂದರ್ಭವೂ ಇದೇ ದನ ಹಿಡಿಯುವ ಕಾಳಗವೇ. ತುಱುಗೋಳನ್ನು ಪಾಠ ಹೇಳುವವರು ವೆಟ್ಚಿಯನ್ನು ನೆನೆದರೆ ಅಲ್ಲಿ ಕೇಪುಳವನ್ನು ತೋರಿಸುವುದು ಯುಕ್ತವಾಗುವುದು.

ಮಲೆಯಾಳದಲ್ಲಿ ಇದಕ್ಕೆ ಚೆತ್ತಿ, ತೆಚ್ಚಿ, ಚೆಕ್ಕಿ ಎಂಬ ರೂಪಗಳಿವೆ. ನಮ್ಮ ಕರಾವಳಿಯ ಉತ್ತರ ಭಾಗದಲ್ಲಿ 'ಕಿಸ್ಕಾರ' ಎಂಬ ಹೆಸರೂ ಕೇಳಿಬರುವುದು. ಹಳಗನ್ನಡದಲ್ಲಿ 'ಕಿಸು' ಎಂದರೆ ಕೆಂಪು. ಪಟ್ಟದಕಲ್ಲಿನ ಪ್ರಾಚೀನನಾಮವಾದ ಕಿಸುವೊಳಲಿನಲ್ಲಿ ಇದೇ ಪದವಿದೆ. ಕಿಸ್ಕಾರದ ಪೂರ್ವಪದದಲ್ಲಿ ಈ ಕಿಸುವನ್ನು ಕಾಣುವುದು ಸಮಂಜಸವೆಂದು ನನಗೆ ತೋರುತ್ತದೆ.  

ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆಯು ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಹೋರ್ತುಸ್ ಮಲಬಾರಿಕುಸ್ ಗ್ರಂಥದಲ್ಲಿ ಈ ಗಿಡವನ್ನು ಚೆತ್ತಿಯೆಂಬ ದೇಶೀಯನಾಮದಿಂದಲೇ ಚಿತ್ರಸಹಿತವಾಗಿ ವರ್ಣಿಸಿದನು. ಆ ಗ್ರಂಥಕ್ಕೆ ಈಳವ ವೈದ್ಯನಾದ ಇಟ್ಟಿ ಅಚ್ಯುತನ್, ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕಪಂಡಿತ, ಅಪ್ಪುಭಟ್ಟ ಇವರು ಸಹಾಯಮಾಡಿದರು. ೧೭೫೩ರಲ್ಲಿ ಲಿನ್ನೇಯಸನು ಇದಕ್ಕೆ 'ಇಕ್ಸೋರಾ ಕೊಕ್ಸಿನಿಯಾ' ಎಂದು ಹೆಸರಿಟ್ಟನು. ಎರಡನೆಯ ಪದಕ್ಕೆ ಕಡುಗೆಂಪು ಎಂದರ್ಥ. ಮೊದಲನೆಯದು ನಮ್ಮ 'ಈಶ್ವರ' ಶಬ್ದವೇ. ಪೋರ್ಚುಗೀಸರ ಬರಹದಲ್ಲಿ ಎಕ್ಸ್ ಎಂಬ ಅಕ್ಷರಕ್ಕೆ ಶಕಾರದ ಉಚ್ಚಾರಣೆಯಿರುವುದರಿಂದ ಈಶ್ವರನು ಅವರ ಲಿಪಿಯಲ್ಲಿ ಇಕ್ಸೋರನಾದನು. ದೇವರಿಗೆ ಏರಿಸುವ ಹೂವೆಂಬ ಕಾರಣದಿಂದ ದೇವರ ಹೆಸರೇ ಹೂವಿಗೆ ಬಂದಿತು.

೭

ದೇವಿಗೆ ಬಂಧೂಕದ ಬದಲಾಗಿ ಕೇಪುಳವನ್ನು ಅರ್ಪಿಸುತ್ತ ಬಂದವರು ತಪ್ಪು ಮಾಡಿದರೋ ಎಂದು ಆಸ್ತಿಕರು ಕೇಳಬಹುದು. ತಪ್ಪಲ್ಲ. ವಿಹಿತವಾದ ದ್ರವ್ಯವು ದೊರೆಯದಲ್ಲಿ ಅದಕ್ಕೆ ಸದೃಶವಾದುದನ್ನು ಪ್ರತಿನಿಧಿಯಾಗಿ ಗ್ರಹಿಸಬಹುದೆಂದು ಮೀಮಾಂಸಕರು ಆರನೆಯ ಅಧ್ಯಾಯದಲ್ಲಿ ವಿಚಾರಮಾಡಿ ನಿರ್ಣಯಿಸಿದ್ದಾರೆ. ಸೋಮವು ದೊರೆಯದಿದ್ದಾಗ ಪೂತಿಕವನ್ನು ಗ್ರಹಿಸುವುದು ಪ್ರಸಿದ್ಧವಾದ ಉದಾಹರಣೆ. ಆದರೆ ಪೂತಿಕವನ್ನು ಉಪಯೋಗಿಸಿದವರಾರೂ ಸೋಮಶಬ್ದಕ್ಕೆ ಪೂತಿಕವೆಂಬ ಅರ್ಥವನ್ನು ಬರೆಯಲಿಲ್ಲ. ಪ್ರತಿನಿಧಿಯು ಕರ್ಮಕ್ಕೆ ಸಲ್ಲುವುದೇ ಹೊರತು ಪದಾರ್ಥನಿರ್ಣಯಕ್ಕೆ ಸಲ್ಲದು. ಪೂಜೆಯಲ್ಲಿ ನಮ್ಮ ಹಿರಿಯರು ಮಾಡಿದ ಒಪ್ಪತಕ್ಕ ಬದಲಾವಣೆಯನ್ನು ನಾವು ಟಿಪ್ಪಣಿಯಲ್ಲಿ ಅರ್ಥವೆಂದು ಬರೆದೆವು. ನಮ್ಮಿಂದಾದ ತಪ್ಪು ಇದು.

ಇದು ಚಿಕ್ಕ ತಪ್ಪೆಂದು ತೋರಬಹುದು. ಆದರೆ ಇದರಿಂದ ಎರಡು ಹೂವುಗಳೂ ಕೆಡುವುವು. ಬಂಧೂಕವು ತನ್ನ ಗದ್ದೆಯನ್ನೂ ಮಧ್ಯಾಹ್ನವನ್ನೂ ಕಳೆದುಕೊಳ್ಳುವುದು. ಕೇಪುಳವು ತನ್ನ ಗುಡ್ಡೆಯನ್ನು ಕಳೆದುಕೊಂಡು ಇನ್ನೊಂದರ ಪರ್ಯಾಯಪದವಾಗುವುದು. ವಿದ್ಯಾರ್ಥಿಗೆ ಉಳಿಯುವುದು 'ಒಂದು ಬಗೆಯ ಕೆಂಪು ಹೂವು' ಎಂಬ ಬರಿಯ ಮಾತು.

ಮೇಲಾಗಿ ಈಗ ಆ ಗುಡ್ಡೆಗಳೂ ಮೊದಲಿನಂತಿಲ್ಲ. ಈ ಜಿಲ್ಲೆಯಲ್ಲಿ ಹಳೆಯ ವರ್ಗ ಜಮೀನಿನ ಮೇರೆಯಿಂದ ೧೦೦ ಗಜದೊಳಗಿನ ಸರಕಾರಿ ನೆಲಕ್ಕೆ 'ಕುಮ್ಕಿ'ಯೆಂದು ಹೆಸರು. ಅಲ್ಲಿಂದ ಸೊಪ್ಪನ್ನೂ ಸೌದೆಯನ್ನೂ ತರುವ ಸವಲತ್ತು ಕೃಷಿಕರಿಗೆ ಇದ್ದಿತು. ಸೊಪ್ಪನ್ನು ಹಟ್ಟಿಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುತ್ತಿದ್ದರು. ವರ್ಷವರ್ಷವೂ ಕತ್ತಿ ಬೀಳುತ್ತಿದ್ದ ಕೇಪುಳವು ಗಿಡ್ಡವಾಗಿ, ಬುಡದಿಂದ ಮತ್ತೆ ಚಿಗುರಿ, ತುದಿತುದಿಯಲ್ಲಿ ಹೂವಾಗುತ್ತಿದ್ದಿತು. ಮೇಲೆ ಮರಗಳು ದಟ್ಟವಾಗದೆ ಬಿಸಿಲೂ ದೊರೆಯುತ್ತಿದ್ದಿತು. ಗುಡ್ಡೆಯನ್ನು ಕೆಂಪಾಗಿಸಿದ್ದುದು ಕಾಡಿನ ಸ್ವಭಾವವೊಂದೇ ಅಲ್ಲ, ಅಲ್ಲಿಗೆ ಸೊಪ್ಪಿಗೆ ಹೋಗುತ್ತಿದ್ದವರ ಕೆಲಸವೂ ಹೌದು.

೧೯೬೪ರ ಒಪ್ಪಂದದ ತರುವಾಯ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಜೀವನೋಪಾಯವಾಗಲೆಂದು ಸುಳ್ಯ, ಪುತ್ತೂರು, ಸುಬ್ರಹ್ಮಣ್ಯದ ಭಾಗಗಳಲ್ಲಿ ಸರಕಾರದ ವತಿಯಿಂದ ರಬ್ಬರಿನ ತೋಟಗಳಾದುವು. ಬಳಿಕ ಖಾಸಗಿಯವರೂ ಗುಡ್ಡೆಗಳಿಗೆ ರಬ್ಬರನ್ನು ಹಾಕಿದರು. ಕೆಲವೆಡೆ ಗುಡ್ಡೆಯನ್ನು ಯಂತ್ರದಿಂದ ತಟ್ಟುಮಾಡಿ ಅಡಕೆಯನ್ನು ನೆಟ್ಟರು. ಕೆಲವೆಡೆ ಕೆಂಪುಕಲ್ಲಿನ ಕೋರೆಗಳಾಗಿ ಮೇಲ್ಮಣ್ಣು ಪೂರ್ತಿಯಾಗಿ ಹೋಯಿತು. ಹೊಟ್ಟೆಯ ಪಾಡಿಗಾಗಿ ದುಡಿದವರನ್ನು ದೂರುವುದು ನನ್ನ ಅಭಿಪ್ರಾಯವಲ್ಲ. ಕೇಪುಳದ ಜಾತಿಯೇ ನಶಿಸುವುದೆಂದೂ ಹೇಳುವುದಿಲ್ಲ. ದೇಶವಿದೇಶಗಳ ಉದ್ಯಾನಗಳಲ್ಲಿ ಅದು ಸುರಕ್ಷಿತವಾಗಿದೆ. ಆದರೆ ಕುಂಟಲ ಕರಂಡೆಗಳ ನಡುವೆ ಅದನ್ನು ಕಂಡು, ನಾಳವನ್ನು ಚೀಪಿ, ಇದು ಗುಡ್ಡೆಯದ್ದೆಂದು ಯಾರೂ ಕಲಿಸದೆ ಕಲಿತ ಹುಡುಗರು ಕಡಮೆಯಾಗುತ್ತಿದ್ದಾರೆ. ನನ್ನ ಪಾಠವನ್ನು ತಿದ್ದಿದುದು ಆ ಕಲಿಕೆಯೇ. ನಾನು ಓದಿದ ಕೋಶವಲ್ಲ.

ಆದುದರಿಂದ ಸಾಹಿತ್ಯೋಪಾಧ್ಯಾಯರಲ್ಲಿ ಎರಡು ವಿಜ್ಞಾಪನೆಗಳು. ಬಂಧೂಕಶಬ್ದಕ್ಕೆ ಟಿಪ್ಪಣಿ ಬರೆಯುವಾಗ "ಗದ್ದೆಯ ಬಳಿ ಶರತ್ಕಾಲದಲ್ಲಿ ನಡುಹಗಲಿಗೆ ಅರಳುವ, ಐದೆಸಳಿನ ಕೆಂಪು ಹೂವು, ಕೇಪುಳವಲ್ಲ" ಎಂದು ಬರೆಯಬೇಕು. ಎರಡನೆಯದಾಗಿ, ಶಾಲೆಯ ಅಂಗಳದಲ್ಲಿ ಗೋಡೆಯಿಂದ ದೂರವಾಗಿ, ಗುಡ್ಡೆಯ ಮಣ್ಣನ್ನೇ ತುಂಬಿ, ಬೂದಿ ಸೋಂಕದಂತೆ ಒಂದು ಕಾಡುಕೇಪುಳವನ್ನು ನೆಡಬೇಕು. ಎಸಳು ಎಷ್ಟೆಂದು ಮಕ್ಕಳೇ ಎಣಿಸಿ ನೋಡಲಿ.

ಆ ಹುಡುಗನಿಗೆ ನಾಳೆ ಹೇಳುತ್ತೇನೆಂದಿದ್ದ ಉತ್ತರವನ್ನು ಕೊಡುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ತರಗತಿಯಲ್ಲಿ ಎಲ್ಲರೆದುರು, ನೀನು ಹೇಳಿದುದೇ ಸರಿ, ನಾನು ಹೇಳಿದುದು ತಪ್ಪು ಎಂದು ಹೇಳಿ ಹಳೆಯ ಟಿಪ್ಪಣಿಯನ್ನು ಅವರ ಪುಸ್ತಕಗಳಲ್ಲಿ ಹೊಡೆದುಹಾಕಿಸಿದೆನು. ಅದಕ್ಕೂ ಹಿಂದಿನ ವರ್ಷಗಳಲ್ಲಿ ನನ್ನಿಂದ ಪಾಠ ಕೇಳಿದವರ ಪುಸ್ತಕಗಳಲ್ಲಿ ಬಂಧೂಕವು ಈಗಲೂ ಕೇಪುಳವಾಗಿಯೇ ಇರುವುದು. ಅವರಲ್ಲಿ ಕೆಲವರು ಇಂದು ಉಪಾಧ್ಯಾಯರಾಗಿದ್ದಾರೆ. ಈ ಲೇಖನವು ಅವರ ಕಣ್ಣಿಗೆ ಬಿದ್ದರೆ ತಿದ್ದಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.